ಡಾರ್ಕ್‌ರೂಮಿನ ಕಲಿಕೆ ಹಳೆಯ ನೆಗೆಟಿವಿನಿಂದ ಶುರುವಾಗಲಿ

ಕಪ್ಪು-ಬಿಳುಪು ಫೋಟೊವನ್ನು ಕೈಯಾರೆ ಪ್ರಿಂಟ್ ಹಾಕಲು ಕಲಿಯಬೇಕು ಎನ್ನುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಹೀಗಿರುತ್ತದೆ: ಮೊದಲು ಹಳೆಯ ಫಿಲಂ ಕ್ಯಾಮೆರಾ ಒಂದನ್ನು ಹುಡುಕಿಕೊಳ್ಳಿ, ರೀಲು ತರಿಸಿ, ಚಿತ್ರ ತೆಗೆಯಿರಿ, ರೀಲು ತೊಳೆಯುವುದನ್ನು ಕಲಿಯಿರಿ, ಪ್ರಿಂಟಿನ ವಿಚಾರ ಆಮೇಲೆ. ಈ ಕ್ರಮವನ್ನು ಬುಡಮೇಲು ಮಾಡಬೇಕು ಎಂಬುದು ನನ್ನ ವಾದ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲಿ ಇರುವವರಂತೂ ಕ್ಯಾಮೆರಾವನ್ನು ಬದಿಗಿಟ್ಟು ಪ್ರಿಂಟಿನಿಂದಲೇ ಶುರು ಮಾಡಬೇಕು. ಅದೂ ನಲವತ್ತು-ಐವತ್ತು ವರ್ಷಗಳ ಹಿಂದೆ ತಮ್ಮೂರಿನ ಸ್ಟುಡಿಯೊದವರು ತೆಗೆದ ನೆಗೆಟಿವಿನಿಂದ. ಹಾಗೆ ಮಾಡಿದರೆ ಕೆಲಸ ಬೇಗ ಕೈಹತ್ತುತ್ತದೆ, ಖರ್ಚು ತಗ್ಗುತ್ತದೆ, ಕಣ್ಣೆದುರೇ ಹಾಳಾಗುತ್ತಿರುವ ಜಿಲ್ಲೆಯ ನೆನಪಿನಲ್ಲಿ ಒಂದು ಪಾಲಾದರೂ ಉಳಿಯುತ್ತದೆ.

ಮೊದಲು ಕಲಿಕೆಯ ಮಾತು. ತಾವೇ ತೆಗೆದು ತಾವೇ ತೊಳೆದ ನೆಗೆಟಿವ್ ಇಟ್ಟುಕೊಂಡು ಹೊಸಬರು ಪ್ರಿಂಟಿಗೆ ಕುಳಿತರೆ, ಮಂಕಾದ ಪ್ರಿಂಟ್ ಬಂದಾಗ ತಪ್ಪು ಎಲ್ಲಾಯಿತೆಂದು ಗೊತ್ತಾಗುವುದೇ ಇಲ್ಲ. ಕ್ಯಾಮೆರಾದಲ್ಲಿ ಬೆಳಕು ಕಡಿಮೆಯಾಯಿತೋ, ಡೆವಲಪರಿನಲ್ಲಿ ರೀಲು ಸಾಕಷ್ಟು ಹೊತ್ತು ಇರಲಿಲ್ಲವೋ, ಪ್ರಿಂಟ್ ಹಾಕುವಾಗ ಕಾಗದದ ಗ್ರೇಡು, ಅಂದರೆ ಕಪ್ಪು-ಬಿಳುಪಿನ ಅಂತರದ ಮಟ್ಟ, ತಪ್ಪಿತೋ? ಮೂರು ಅನುಮಾನಗಳು ಒಂದರ ಮೇಲೊಂದು ಕುಳಿತಾಗ ಯಾವುದನ್ನೂ ಬಗೆಹರಿಸಲಾಗದೆ ಬೇಸತ್ತು ಬಿಡುವವರೇ ಹೆಚ್ಚು. ಹಳೆಯ ಸ್ಟುಡಿಯೊದವರು ಹೊಟ್ಟೆಪಾಡಿಗಾಗಿ ತೆಗೆದ ನೆಗೆಟಿವಿನಲ್ಲಿ ಈ ಗೋಜಲು ಇರುವುದಿಲ್ಲ. ಒಂದೇ ಜಾಗದಲ್ಲಿ, ಒಂದೇ ದೀಪದ ಜೋಡಣೆಯಲ್ಲಿ, ಸಾವಿರಾರು ಸಲ ಮಾಡಿ ಪಳಗಿದ ಕೈ ಅದು. ನೆಗೆಟಿವ್ ಸರಿಯಿದೆ ಎಂಬುದು ಖಾತ್ರಿಯಾದ ಮೇಲೆ ಪ್ರಿಂಟಿನ ಕೊರತೆಯೆಲ್ಲ ಪ್ರಿಂಟ್ ಹಾಕಿದವರದೇ. ಒಂದು ಸಲಕ್ಕೆ ಒಂದೇ ಪ್ರಶ್ನೆ ಎದುರಿದ್ದರೆ ಉತ್ತರವೂ ಸಿಗುತ್ತದೆ.

ಎರಡನೆಯ ಕಾರಣ ಇನ್ನೂ ನೇರವಾದದ್ದು. ಸ್ಟುಡಿಯೊ ನೆಗೆಟಿವುಗಳು ದೊಡ್ಡವು. 120 ರೀಲಿನಲ್ಲಿ ತೆಗೆದದ್ದಾದರೆ 6×6 ಅಥವಾ 6×9 ಸೆಂಟಿಮೀಟರ್. ಅದಕ್ಕೂ ಹಿಂದಿನ ಹಾಫ್ ಪ್ಲೇಟ್ ಆದರೆ 4¾×6½ ಅಂಗುಲ. ಇಂಥ ನೆಗೆಟಿವನ್ನು ಕಾಗದದ ಮೇಲೆ ನೇರವಾಗಿ ಇಟ್ಟು, ಮೇಲೊಂದು ದಪ್ಪ ಗಾಜು ಹೊದಿಸಿ, ಕ್ಷಣಕಾಲ ಬೆಳಕು ಕೊಟ್ಟರೆ ಅಷ್ಟೇ ಅಳತೆಯ ಪ್ರಿಂಟ್ ಸಿದ್ಧ. ಇದೇ ಕಾಂಟ್ಯಾಕ್ಟ್ ಪ್ರಿಂಟ್. ಚಿತ್ರ ಹಿಗ್ಗಿಸುವ ಎನ್‌ಲಾರ್ಜರ್ ಬೇಡ, ಲೆನ್ಸು ಬೇಡ, ಫೋಕಸ್ಸಿನ ತಲೆನೋವಿಲ್ಲ. ಎನ್‌ಲಾರ್ಜರ್ ಸಿಗಲಿಲ್ಲವೆಂದು ಡಾರ್ಕ್‌ರೂಮಿನ ಆಸೆಯನ್ನೇ ಕೈಬಿಡುವವರಿದ್ದಾರೆ. ಅವರು ಇಂದೇ ಕೆಲಸ ಶುರು ಮಾಡಬಹುದು.

ಮೂರನೆಯ ಕಾರಣ ಈ ಮೂರು ಊರುಗಳಿಗೆ ಸೇರಿದ್ದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಂಡ್ಯ ಜಿಲ್ಲೆ ಮೈಸೂರಿನಿಂದ ಬೇರ್ಪಟ್ಟು ಹುಟ್ಟಿದ್ದು 1939ರ ಜುಲೈ 1ರಂದು. ಅದಕ್ಕೆ ಆರು ವರ್ಷ ಮೊದಲು ಮೈಷುಗರ್ ಕಾರ್ಖಾನೆ ಬಂದಿತ್ತು. ಒಂದು ವರ್ಷ ಮೊದಲು, 1938ರ ಏಪ್ರಿಲ್‌ನಲ್ಲಿ, ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ನಾಲೆಯ ನೀರು ಹರಿದು, ಕಬ್ಬು-ಭತ್ತದ ದುಡ್ಡು ಓಡಾಡಿ, ಪೇಟೆಗಳು ಬೆಳೆದು, ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ ಆ ನಲವತ್ತು-ಐವತ್ತು ವರ್ಷ ಜಿಲ್ಲೆಯ ಜನ ಫೋಟೊ ತೆಗೆಸಿಕೊಂಡಿದ್ದರೆ ಅದು ಬಹುಪಾಲು ಕಪ್ಪು-ಬಿಳುಪಿನಲ್ಲಿ. ಮದುವೆಯ ಜೋಡಿ, ಹೆಣ್ಣು ತೋರಿಸಲು ಕಳಿಸುವ ಫೋಟೊ, ಪರೀಕ್ಷೆಯ ಅರ್ಜಿಗೆ ಅಂಟಿಸುವ ಫೋಟೊ, ಜಾತ್ರೆಯಲ್ಲಿ ಜೋಡೆತ್ತಿನ ಪಕ್ಕ ನಿಂತ ರೈತ, ಚಟ್ಟಕ್ಕೆ ಏರಿಸುವ ಮುನ್ನ ಗೋಡೆಗೆ ಒರಗಿಸಿ ಕೂರಿಸಿದ ಹಿರಿಯರು. ಎಷ್ಟೋ ಮನೆಗಳಲ್ಲಿ ಅಜ್ಜಿಯದೆಂದು ಇರುವುದು ಒಂದೇ ಫೋಟೊ, ಅದೂ ಅಂಚು ತಿಂದುಹೋದದ್ದು. ಅದರ ನೆಗೆಟಿವ್ ಯಾವುದೋ ಮುಚ್ಚಿದ ಸ್ಟುಡಿಯೊದ ಅಟ್ಟದ ಮೇಲೆ ಇದ್ದರೂ ಇರಬಹುದು ಎಂಬ ಯೋಚನೆ ಆ ಮನೆಯವರಿಗೆ ಬಂದಿರುವುದಿಲ್ಲ.

ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಸಲ ನಡೆದಿದೆ: 1974ರಲ್ಲಿ ಜಯದೇವಿತಾಯಿ ಲಿಗಾಡೆಯವರ ಅಧ್ಯಕ್ಷತೆಯಲ್ಲಿ, 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ, 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ. ಮೊದಲನೆಯದು ಕಪ್ಪು-ಬಿಳುಪು ಫಿಲಮ್ಮಿನ ಕಾಲ, ಎರಡನೆಯದು ಬಣ್ಣದ ರೀಲಿನ ಕಾಲ, ಮೂರನೆಯದು ಮೊಬೈಲಿನ ಕಾಲ. ಸಮ್ಮೇಳನದ ಪೀಠದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಕುಳಿತ 1974ರ ಆ ದಿನಗಳ ನೆಗೆಟಿವ್ ಎಲ್ಲಾದರೂ ತಣ್ಣನೆಯ ಒಣ ಜಾಗದಲ್ಲಿ ಉಳಿದಿದ್ದರೆ, ಅದರಿಂದ ಇವತ್ತೂ ಒಳ್ಳೆಯ ಪ್ರಿಂಟ್ ಹಾಕಬಹುದು. ಕಪ್ಪು-ಬಿಳುಪಿನ ಚಿತ್ರ ಬೆಳ್ಳಿಯ ಕಣಗಳಿಂದ ಆದದ್ದು. ಬಣ್ಣದ ಫಿಲಮ್ಮಿನ ಚಿತ್ರ ನಿಂತಿರುವುದು ಕಾಲಕ್ರಮದಲ್ಲಿ ಮಾಸುವ ಬಣ್ಣದ್ರವ್ಯಗಳ ಮೇಲೆ. ಹಳೆಯದು ಹೊಸದಕ್ಕಿಂತ ಗಟ್ಟಿಯಾಗಿರುವ ಅಪರೂಪದ ಪ್ರಸಂಗ ಇದು.

ಗಟ್ಟಿಯೆಂದರೆ ಅಮರವಲ್ಲ. ಬೆಳ್ಳಿ ಉಳಿದರೂ ಅದನ್ನು ಹೊತ್ತಿರುವ ಫಿಲಂ ಉಳಿಯಬೇಕಲ್ಲ? ಅಸಿಟೇಟ್ ಫಿಲಂ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಕೊಳೆಯತೊಡಗಿದಾಗ ವಿನೆಗರ್ ವಾಸನೆ ಬರುತ್ತದೆ, ಆಮೇಲೆ ಸುಕ್ಕಾಗಿ ಮುದುಡುತ್ತದೆ. ಹಾಗೆ ಕೊಳೆತ ಒಂದು ನೆಗೆಟಿವ್ ಪಕ್ಕದಲ್ಲಿರುವುದನ್ನೂ ಕೆಡಿಸುತ್ತದೆ. ಮಳೆಗಾಲದ ತೇವಕ್ಕೆ ಜೆಲಟಿನ್ ಪದರದ ಮೇಲೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡ ಕೂಡಲೇ ನೀರಲ್ಲಿ ತೊಳೆಯಲು ಹೋಗುವುದು ದೊಡ್ಡ ಅನಾಹುತ. ಬೂಷ್ಟು ತಿಂದ ಜೆಲಟಿನ್ ನೀರಿನಲ್ಲಿ ಕರಗಿ ಚಿತ್ರವೇ ಹರಿದುಹೋಗುತ್ತದೆ. ಒಣ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಗಾಳಿಯಾಡುವ ಕಾಗದದ ಲಕೋಟೆಗೆ ಹಾಕಿ, ಸಿಮೆಂಟ್ ಶೀಟಿನ ಮಾಡಿನ ಕೆಳಗಿಂದ ತೆಗೆದು ತಣ್ಣಗಿರುವ ಕಡೆ ಇಡುವುದೇ ಮೊದಲ ಚಿಕಿತ್ಸೆ. ಇನ್ನು ಹತ್ತು-ಹದಿನೈದು ಬೇಸಗೆ ಕಳೆದರೆ ಈ ಲೇಖನ ಬರೆಯುವ ಅಗತ್ಯವೇ ಇರುವುದಿಲ್ಲವೇನೋ ಎಂಬ ಆತಂಕ ನನ್ನದು.

ಹಾಗಾದರೆ ಶುರು ಮಾಡುವುದು ಹೇಗೆ? ಬೇಕಾದದ್ದು ನಾಲ್ಕು: ಕತ್ತಲು, ಕೆಂಪು ದೀಪ, ನೀರು, ಮೂರು ಟ್ರೇ. ಬಚ್ಚಲುಮನೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆಯೋ ರಟ್ಟೋ ಹೊಡೆದು, ಬಾಗಿಲಿನ ಸಂದಿಗೆ ಗೋಣಿತಾಟು ತುರುಕಿದರೆ ಕತ್ತಲಾಯಿತು. ರಾತ್ರಿ ಕೆಲಸ ಮಾಡುವುದಾದರೆ ಅಷ್ಟೂ ಬೇಡ. ಪ್ರಿಂಟ್ ಕಾಗದಕ್ಕೆ ನೀಲಿ ಮತ್ತು ಹಸಿರು ಬೆಳಕು ಕಾಣುತ್ತದೆ, ಕೆಂಪು ಕಾಣುವುದಿಲ್ಲ. ಆದ್ದರಿಂದಲೇ ಕೆಂಪು ದೀಪದಲ್ಲಿ ಕೆಲಸ ಮಾಡಲು ಸಾಧ್ಯ. ಆದರೆ ಅಂಗಡಿಯಲ್ಲಿ ಸಿಗುವ ಕೆಂಪು ಬಳಿದ ಬಲ್ಬುಗಳೆಲ್ಲ ನಂಬಿಕೆಗೆ ಅರ್ಹವಲ್ಲ. ಕಾಗದದ ಚೂರಿನ ಮೇಲೆ ನಾಣ್ಯವಿಟ್ಟು ಐದು ನಿಮಿಷ ಆ ದೀಪದಡಿ ಬಿಟ್ಟು, ಆಮೇಲೆ ಡೆವಲಪ್ ಮಾಡಿ ನೋಡಬೇಕು. ನಾಣ್ಯದ ಗುರುತು ಮೂಡಿದರೆ ದೀಪ ಬದಲಿಸಬೇಕು.

ರಾಸಾಯನಿಕಗಳೆಂದರೆ ಹೆದರುವಂಥದ್ದೇನೂ ಇಲ್ಲ. ಕೋಡಕ್ ಸಂಸ್ಥೆ ಪ್ರಕಟಿಸಿದ ಡಿ-72 ಎಂಬ ಸೂತ್ರವನ್ನು ಪ್ರಪಂಚದಾದ್ಯಂತ ಬಳಸಿದ್ದಾರೆ. ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಸೋಡಿಯಂ ಸಲ್ಫೈಟ್ 45 ಗ್ರಾಂ, ಹೈಡ್ರೊಕ್ವಿನೋನ್ 12 ಗ್ರಾಂ, ಮೊನೊಹೈಡ್ರೇಟ್ ರೂಪದ ಸೋಡಿಯಂ ಕಾರ್ಬೊನೇಟ್ 80 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 2 ಗ್ರಾಂ. ಬೆಚ್ಚಗಿನ ನೀರಿನಲ್ಲಿ ಇದೇ ಕ್ರಮದಲ್ಲಿ ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದನ್ನು ಹಾಕಬೇಕು. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು ಬೆರೆಸಬೇಕು. ಡೆವಲಪರಿನಿಂದ ತೆಗೆದ ಪ್ರಿಂಟ್ ಇನ್ನಷ್ಟು ಡೆವಲಪ್ ಆಗದಂತೆ ತಡೆಯಲು ದಿನಸಿ ಅಂಗಡಿಯ ನಿಂಬೆ ಉಪ್ಪು ಲೀಟರಿಗೆ 15 ಗ್ರಾಂ ಸಾಕು. ಮೂರನೆಯ ಟ್ರೇಯಲ್ಲಿ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್, ಲೀಟರಿಗೆ ಸುಮಾರು 240 ಗ್ರಾಂ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದು, ತುರಿಕೆ ತರುತ್ತದೆ. ಕೈ ಅದ್ದದೆ ಇಕ್ಕಳದಿಂದ ಪ್ರಿಂಟ್ ಎತ್ತುವ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಊಟದ ಪಾತ್ರೆಗಳನ್ನು ಇದಕ್ಕೆ ಬಳಸಕೂಡದು. ಇದಕ್ಕೆ ಬಳಸಿದ್ದು ಮತ್ತೆ ಅಡುಗೆಮನೆಗೆ ಹೋಗಕೂಡದು.

ಪುಸ್ತಕಗಳೆಲ್ಲ 20 ಡಿಗ್ರಿ ಉಷ್ಣತೆಯ ಲೆಕ್ಕ ಹೇಳುತ್ತವೆ. ಅವು ಚಳಿ ದೇಶದ ಪುಸ್ತಕಗಳು. ಏಪ್ರಿಲ್ ತಿಂಗಳಲ್ಲಿ ಮಂಡ್ಯದ ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಸುಡುತ್ತದೆ. ಅದಕ್ಕೆ ಮದ್ದು ನಮ್ಮಲ್ಲೇ ಇದೆ. ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಟ್ಟು ಬೆಳಗಿನ ಜಾವ ಕೆಲಸಕ್ಕೆ ಇಳಿಯುವುದು, ಟ್ರೇಯನ್ನು ಅದಕ್ಕಿಂತ ದೊಡ್ಡ ತಣ್ಣೀರಿನ ಟ್ರೇಯೊಳಗೆ ಕೂರಿಸುವುದು, ಐಸು ಹಾಕಲೇಬೇಕಾದರೆ ಕವರಿನಲ್ಲಿ ಕಟ್ಟಿ ಹಾಕುವುದು. ಕಾಗದಕ್ಕೆ 25-26 ಡಿಗ್ರಿಯವರೆಗೆ ಹೆಚ್ಚು ತೊಂದರೆ ಇಲ್ಲ, ಡೆವಲಪ್ ಬೇಗ ಆಗುತ್ತದೆ ಅಷ್ಟೆ. ಅದಕ್ಕೂ ಮೇಲೆ ಹೋದರೆ ಜೆಲಟಿನ್ ಮೆತ್ತಗಾಗುತ್ತದೆ. ಬಿಸಿಲ ನಾಡಿನ ಡಾರ್ಕ್‌ರೂಮುಗಳಲ್ಲಿ ಹೈಪೋಗೆ ಪಟಿಕ ಸೇರಿಸಿ ಗಟ್ಟಿ ಮಾಡುತ್ತಿದ್ದುದು ಇದಕ್ಕೇ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಕಲೆ ಬಿಡುತ್ತದೆ. ಡೆವಲಪರ್ ಕಲಸುವುದಕ್ಕೂ ಕೊನೆಯ ಸಲ ತೊಳೆಯುವುದಕ್ಕೂ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತಂದರೆ ಆ ಚಿಂತೆ ಕಳೆಯುತ್ತದೆ.

ವಿದ್ಯುತ್ತಿನ ಮಾತೂ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಅಂಥ ತಾಲ್ಲೂಕಿನಲ್ಲೂ ಸಂಜೆಯ ಹೊತ್ತು ವೋಲ್ಟೇಜು ಏರಿಳಿಯುತ್ತದೆ ಎಂಬುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಳೆಯ ಬಗೆಯ ಬಲ್ಬು ಬಳಸಿದರೆ ವೋಲ್ಟೇಜು ಇಳಿದಾಗ ಬೆಳಕೂ ಇಳಿದು, ಮೊದಲ ಪ್ರಿಂಟಿನ ಲೆಕ್ಕ ಎರಡನೆಯದಕ್ಕೆ ತಾಳೆಯಾಗುವುದಿಲ್ಲ. ಬ್ಯಾಟರಿಯಿಂದ ಉರಿಯುವ ಒಂದು ಸಣ್ಣ ಎಲ್‌ಇಡಿ ದೀಪವನ್ನು ನಾಲ್ಕೈದು ಅಡಿ ಎತ್ತರದಲ್ಲಿ ತೂಗುಹಾಕಿದರೆ ಕಾಂಟ್ಯಾಕ್ಟ್ ಪ್ರಿಂಟಿಗೆ ಸಾಕು. ಕರೆಂಟು ಹೋದರೂ ಕೆಲಸ ನಿಲ್ಲದು.

ಇನ್ನು ಪ್ರಿಂಟ್ ಹಾಕುವ ಕೆಲಸ. ನೆಗೆಟಿವಿನ ಮಂಕಾದ ಮೈ ಕಾಗದದ ಹೊಳೆಯುವ ಮೈಗೆ ತಾಗುವಂತೆ ಇಡಬೇಕು. ಇಡೀ ಹಾಳೆಯನ್ನು ಒಮ್ಮೆಲೇ ಬಳಸದೆ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಅದರ ಒಂದೊಂದು ಭಾಗಕ್ಕೆ 2, 4, 8, 16 ಸೆಕೆಂಡ್ ಬೆಳಕು ಕೊಡಬೇಕು. ಪ್ರತಿ ಸಲ ದುಪ್ಪಟ್ಟು ಮಾಡುವುದಕ್ಕೆ ಕಾರಣವಿದೆ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಕೂಡುವುದರಿಂದಲ್ಲ, ಗುಣಿಸುವುದರಿಂದ ಅಳೆಯುತ್ತದೆ. ಆಮೇಲೆ ಪೂರ್ತಿ ಒಂದೂವರೆ ನಿಮಿಷ ಡೆವಲಪರಿನಲ್ಲಿ ಬಿಡಬೇಕು. ಹೊಸಬರು ಎಡವುವುದು ಇಲ್ಲೇ. ಚಿತ್ರ ಬೇಗ ಕಪ್ಪಾಗುತ್ತಿದೆ ಎನಿಸಿದಾಗ ಅರ್ಧಕ್ಕೇ ಎತ್ತಿಬಿಡುತ್ತಾರೆ. ಆಗ ಕಪ್ಪು ಕಪ್ಪಾಗದೆ ಕೆಸರಿನ ಬಣ್ಣಕ್ಕೆ ನಿಲ್ಲುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತವರು ಪಾಕದ ಹದ ಬರುವವರೆಗೆ ಹೇಗೆ ಕಾಯುತ್ತಾರೋ ಹಾಗೆ ಇಲ್ಲಿಯೂ ಕಾಯಬೇಕು. ಬದಲಿಸಬೇಕಾದದ್ದು ಬೆಳಕಿನ ಸಮಯವನ್ನು, ಡೆವಲಪರಿನ ಸಮಯವನ್ನಲ್ಲ. ಒದ್ದೆ ಪ್ರಿಂಟ್ ನೋಡಿ ತೀರ್ಮಾನಕ್ಕೆ ಬರುವುದೂ ಸಲ್ಲದು; ಒಣಗಿದ ಮೇಲೆ ಅದು ಇನ್ನೊಂದಿಷ್ಟು ಕಪ್ಪಾಗುತ್ತದೆ.

ಪಟ್ಟಿಯನ್ನು ಚಿತ್ರದ ಯಾವ ಭಾಗಕ್ಕೆ ಇಡಬೇಕು? ಮುಖದ ಮೇಲೆ. ಇಡೀ ಕಲಿಕೆಯ ತಿರುಳು ಇರುವುದು ಇಲ್ಲಿ ಎಂದು ನಾನು ನಂಬುತ್ತೇನೆ. ನಮ್ಮ ಹಳ್ಳಿಗಳ ಹಳೆಯ ಫೋಟೊಗಳಲ್ಲಿ ಮತ್ತೆ ಮತ್ತೆ ಎದುರಾಗುವ ಚಿತ್ರವೊಂದಿದೆ: ಬಿಸಿಲಲ್ಲಿ ದುಡಿದು ಕಪ್ಪಾದ ಮುಖ, ಕೆಳಗೆ ಅಚ್ಚಬಿಳಿಯ ಪಂಚೆ. ಆ ಅಂತರ ಹೆಚ್ಚಿಸುವ ಹಾರ್ಡ್ ಗ್ರೇಡಿನ ಕಾಗದದಲ್ಲಿ ಹಾಕಿದರೆ ಮುಖ ಮಸಿಯ ಮುದ್ದೆಯಾಗುತ್ತದೆ, ಪಂಚೆ ಖಾಲಿ ಕಾಗದವಾಗುತ್ತದೆ. ಪಂಚೆಯ ನೆರಿಗೆ ಕಾಣಿಸಲು ಬೆಳಕು ಹೆಚ್ಚಿಸಿದರೆ ಮುಖ ಮುಳುಗುತ್ತದೆ; ಮುಖ ಕಾಣಲೆಂದು ಕಡಿಮೆ ಮಾಡಿದರೆ ಪಂಚೆ ಮಾಯ. ಸಾಫ್ಟ್ ಗ್ರೇಡಿಗೆ ಇಳಿದು, ಕೆನ್ನೆಯ ಮೂಳೆ, ಕಣ್ಣಿನ ಹೊಳಪು, ಹಣೆಯ ಗೆರೆ ಕಾಣುವಷ್ಟು ಬೆಳಕನ್ನು ಮೊದಲು ನಿಗದಿ ಮಾಡಿ, ಆಮೇಲೆ ರಟ್ಟಿನಿಂದ ಮುಖಕ್ಕೆ ಮರೆಮಾಡಿ ಪಂಚೆಗೆ ಮಾತ್ರ ಇನ್ನಷ್ಟು ಬೆಳಕು ಕೊಡಬೇಕು. ಎರಡೂ ಉಳಿಯುತ್ತವೆ.

ಆದರೆ ಮುಖ ಎಷ್ಟು ಕಪ್ಪಿರಬೇಕು ಎಂಬುದನ್ನು ಯಾವ ಮೀಟರೂ ಹೇಳುವುದಿಲ್ಲ. ಹಿಂದಿನ ಸ್ಟುಡಿಯೊದವರಿಗೆ ಅದನ್ನು ಗಿರಾಕಿಯ ಆಸೆ ಹೇಳುತ್ತಿತ್ತು. ಕೆಂಪು ಬಣ್ಣವನ್ನೇ ಕಾಣದ ಆರ್ಥೊ ಫಿಲಮ್ಮುಗಳು ಕಂದು ಮೈಬಣ್ಣವನ್ನು ಇದ್ದದ್ದಕ್ಕಿಂತ ಕಪ್ಪಾಗಿ ತೋರಿಸುತ್ತಿದ್ದವು. ಅದನ್ನು ಸರಿದೂಗಿಸಲು ಮುಖಕ್ಕೆ ಪೌಡರು, ನೆಗೆಟಿವಿನ ಮೇಲೆ ಪೆನ್ಸಿಲಿನ ಟಚ್ಚಿಂಗ್. ಹೆಣ್ಣಿನ ಫೋಟೊ ಗಂಡಿನ ಮನೆಗೆ ಹೋಗುವುದಾದರೆ ಇನ್ನೂ ಒಂದು ಸುತ್ತು ಬಿಳುಪು. ಬೆಳ್ಳಗಿರುವುದೇ ಚೆಂದ ಎಂಬ ಸಮಾಜದ ಒತ್ತಡ ಆ ಪೆನ್ಸಿಲಿನ ತುದಿಯಲ್ಲಿ ಕುಳಿತಿತ್ತು. ಇವತ್ತು ಅದೇ ನೆಗೆಟಿವಿನಿಂದ ಪ್ರಿಂಟ್ ಹಾಕುವವರಿಗೆ ಆ ಒತ್ತಡವಿಲ್ಲ. ಆ ವ್ಯಕ್ತಿಯನ್ನು ಇದ್ದ ಬಣ್ಣದಲ್ಲಿ, ಇದ್ದ ಘನತೆಯಲ್ಲಿ ತೋರಿಸುವ ಅವಕಾಶ ಸಿಕ್ಕಿದೆ. ನೋಡುವ ಕಣ್ಣಿನಲ್ಲಿ ಏನಾದರೂ ತಾರತಮ್ಯ ಉಳಿದಿದ್ದರೆ ಅದು ಟ್ರೇಯಲ್ಲಿ ತೇಲುತ್ತದೆ. ಇಂಥ ತೀರ್ಮಾನ ಮಾಡಲು ಕಲಿಸುವ ವಿದ್ಯೆಯನ್ನು ಹಳೆಯ ಕಾಲದ ಹವ್ಯಾಸ ಎಂದು ತಳ್ಳಿಹಾಕುವುದು ಸರಿಯಲ್ಲ.

ಇದಾದ ಮೇಲೆ ಬೇಕಾದರೆ ಕ್ಯಾಮೆರಾ ಹಿಡಿಯಿರಿ. ಬಸರಾಳಿನಲ್ಲಿ 1234ರಲ್ಲಿ ಕಟ್ಟಿದ ಮಲ್ಲಿಕಾರ್ಜುನ ದೇಗುಲದ ಬಳಪದ ಕಲ್ಲು ನಡುಬೂದಿಯ ನೂರು ಛಾಯೆಗಳನ್ನು ಕಲಿಸುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಬಿಳಿ ಗರಿಯನ್ನು ಬಿಳಿ ಆಕಾಶದಿಂದ ಬೇರ್ಪಡಿಸುವುದು ಬೇರೆಯದೇ ಪರೀಕ್ಷೆ. ಪ್ರಿಂಟ್ ಗೊತ್ತಿರುವವರು ಕ್ಯಾಮೆರಾದ ಗುಂಡಿ ಒತ್ತುವ ಮೊದಲೇ ಕಾಗದದ ಮೇಲೆ ಏನು ಬರುತ್ತದೆಂದು ಊಹಿಸುತ್ತಾರೆ. ಛಾಯಾಗ್ರಾಹಕರಾದ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರು ಹೆಸರು ಮಾಡಿದ ಕಾಲದಲ್ಲಿ ಸಲೋನ್ ಎಂಬ ಛಾಯಾಚಿತ್ರ ಸ್ಪರ್ಧೆಗಳ ತೀರ್ಪುಗಾರರ ಮುಂದೆ ಹೋಗುತ್ತಿದ್ದುದು ಪ್ರಿಂಟೇ. ಕರ್ನಾಟಕದ ಛಾಯಾಗ್ರಹಣದ ಕಣ್ಣು ಪಳಗಿದ್ದು ಡಾರ್ಕ್‌ರೂಮಿನಲ್ಲಿ.

ಈಗ ಆಕ್ಷೇಪಗಳನ್ನು ಎದುರಿಸೋಣ. ಮೊದಲನೆಯದು: ನೆಗೆಟಿವನ್ನು ಬಿಳಿ ಪರದೆಯ ಮೇಲಿಟ್ಟು ಮೊಬೈಲಿನಲ್ಲಿ ತೆಗೆದರೆ ಆಯಿತಲ್ಲ, ಇಷ್ಟೆಲ್ಲ ಯಾಕೆ? ಖಂಡಿತ ತೆಗೆಯಬೇಕು. ಸಾವಿರಾರು ನೆಗೆಟಿವುಗಳ ಪಟ್ಟಿ ಮಾಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಅದು ಪಟ್ಟಿಯೇ ಹೊರತು ಪ್ರಿಂಟಲ್ಲ. ಮೊಬೈಲಿನ ತಂತ್ರಾಂಶ ಮುಖವನ್ನು ತಾನೇ ತಿಳಿಯಾಗಿಸುತ್ತದೆ, ಗೆರೆಗಳನ್ನು ತಾನೇ ಸವರುತ್ತದೆ. ನಾವು ಕಷ್ಟಪಟ್ಟು ಕೈಬಿಟ್ಟ ಆ ಪೆನ್ಸಿಲನ್ನು ಮತ್ತೆ ಕೈಗೆತ್ತಿಕೊಳ್ಳುತ್ತದೆ. ಬಾಳಿಕೆಯ ಪ್ರಶ್ನೆಯೂ ಇದೆ. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿ ಹಳೇಬೀಡು-ಬೇಲೂರುಗಳಿಗೆ ಬಂದು ಕಾಗದದ ನೆಗೆಟಿವಿನಲ್ಲಿ ಚಿತ್ರ ತೆಗೆದ. ಅವುಗಳಿಂದ ಹಾಕಿದ ಪ್ರಿಂಟುಗಳನ್ನು 170 ವರ್ಷದ ನಂತರ ಯಾವ ಯಂತ್ರದ ನೆರವೂ ಇಲ್ಲದೆ ಕಣ್ಣಾರೆ ನೋಡಬಹುದು. ಒಂದು ಮನೆಯ ಮೊಬೈಲಿನಲ್ಲಿರುವ ಫೋಟೊ ಹತ್ತು ವರ್ಷ ದಾಟುವುದಕ್ಕೆ ಯಾರಾದರೂ ಅದನ್ನು ಪದೇ ಪದೇ ನಕಲು ಮಾಡುತ್ತಲೇ ಇರಬೇಕು.

ಎರಡನೆಯ ಆಕ್ಷೇಪ ನೀರು-ನೆಲದ್ದು. ನೀರಾವರಿ ಜಿಲ್ಲೆಯಲ್ಲಿ ಇದನ್ನು ಹಗುರವಾಗಿ ಕಾಣುವಂತಿಲ್ಲ. ಡೆವಲಪರಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಬಳಸಿ ಬಿಟ್ಟ ಹೈಪೋ ಬಗ್ಗೆ. ಕಾಗದದಿಂದ ಕರಗಿದ ಬೆಳ್ಳಿ ಅದರಲ್ಲಿರುತ್ತದೆ. ಬೆಳ್ಳಿ ನೀರಿನ ಜೀವಿಗಳಿಗೆ ವಿಷ. ಅದನ್ನು ನಾಲೆಗೂ ಮೋರಿಗೂ ಗದ್ದೆಯ ಬದಿಗೂ ಚೆಲ್ಲಕೂಡದು. ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಟ್ಟು ಉಕ್ಕಿನ ನಾರು ಹಾಕಿದರೆ ಕಬ್ಬಿಣ ಕರಗಿ ಬೆಳ್ಳಿ ಕೆಳಗೆ ಕೂರುತ್ತದೆ. ಹಿಂದೆ ಸ್ಟುಡಿಯೊ ಮತ್ತು ಎಕ್ಸ್-ರೇ ಕೋಣೆಗಳ ಹಳೆಯ ಹೈಪೋವನ್ನು ಬೆಳ್ಳಿಗಾಗಿ ಕೊಂಡೊಯ್ಯುವವರು ಇದ್ದದ್ದು ಇದೇ ಕಾರಣಕ್ಕೆ. ತೊಳೆಯುವ ನೀರಿನ ಖರ್ಚು ತಗ್ಗಿಸಲು ಪ್ಲಾಸ್ಟಿಕ್ ಲೇಪನದ ಆರ್‌ಸಿ ಕಾಗದದಲ್ಲಿ ಅಭ್ಯಾಸ ಮಾಡಬೇಕು. ಅದಕ್ಕೆ ಎರಡು ನಿಮಿಷದ ತೊಳೆತ ಸಾಕು. ಫೈಬರ್ ಕಾಗದಕ್ಕೆ ಒಂದು ಗಂಟೆಯವರೆಗೂ ಬೇಕಾದೀತು, ಆದ್ದರಿಂದ ಶಾಶ್ವತವಾಗಿ ಇಡುವ ಪ್ರಿಂಟಿಗೆ ಮಾತ್ರ ಅದು.

ಮೂರನೆಯದು ಹಕ್ಕಿನ ಪ್ರಶ್ನೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ನೆಗೆಟಿವ್ ಎಂಬ ವಸ್ತು ಸ್ಟುಡಿಯೊದವರ ಹತ್ತಿರ ಇದ್ದೀತು, ಅದರಲ್ಲಿರುವ ಮುಖ ಆ ಮನೆಯದು. ಇಬ್ಬರನ್ನೂ ಕೇಳಿಯೇ ಮುಟ್ಟಬೇಕು. ಸ್ಟುಡಿಯೊದ ಯಜಮಾನರನ್ನೋ ಅವರ ಮಕ್ಕಳನ್ನೋ ಕಂಡು ಮಾತಾಡಬೇಕು, ಯಾರೆಂದು ಗೊತ್ತಾದ ಮುಖವಾದರೆ ಅವರ ಮನೆಯವರ ಒಪ್ಪಿಗೆ ಪಡೆಯಬೇಕು. ಅದರಲ್ಲೂ ಹೆಣ್ಣುಮಕ್ಕಳ ಮದುವೆಯ ಫೋಟೊ, ತೀರಿಕೊಂಡವರ ಫೋಟೊಗಳನ್ನು ಮೊಬೈಲಿನಲ್ಲಿ ಹಂಚುವುದು ಸಲ್ಲದು. ಅತಿ ಸುಲಭದ ಆರಂಭವೆಂದರೆ ತಮ್ಮ ಮನೆಯ ಟ್ರಂಕಿನಲ್ಲೇ ಇರುವ ನೆಗೆಟಿವ್.

ನಾಲ್ಕನೆಯ ಅಡ್ಡಿ ನಿಜವಾದ ಅಡ್ಡಿ: ಕಾಗದ. ಬಂಡೀಪುರ ದಾಟಿದರೆ ಸಿಗುವ ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರು ಮಾಡಿದ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ‘ಇಂದು’ ಹೆಸರಿನ ಫಿಲಂ, ಕಾಗದಗಳನ್ನು ದೇಶಕ್ಕೆಲ್ಲ ಕೊಟ್ಟಿತು. ಬಣ್ಣದ ಫಿಲಂ ಬಂದಾಗ ಸೊರಗಿತು, ಡಿಜಿಟಲ್ ಬಂದ ಮೇಲೆ ಶಾಶ್ವತವಾಗಿ ಮುಚ್ಚಿತು. ಈಗ ಇಂಗ್ಲೆಂಡಿನ ಇಲ್ಫರ್ಡ್, ಜೆಕ್ ದೇಶದ ಫೋಮಾ ಕಾಗದಗಳನ್ನು ತರಿಸಿಕೊಳ್ಳಬೇಕು, ಬೆಲೆಯೂ ಹೆಚ್ಚು. ಒಬ್ಬೊಬ್ಬರೇ ಹೊರಲಾಗದ ಹೊರೆ ಇದು. ಹತ್ತು ಜನ ಸೇರಿ ಒಂದು ಪೆಟ್ಟಿಗೆ ತರಿಸಿ, 8×10 ಅಂಗುಲದ ಒಂದು ಹಾಳೆಯನ್ನು ನಾಲ್ಕಾಗಿ ಕತ್ತರಿಸಿ ಹಂಚಿಕೊಂಡರೆ ಹೊರೆ ಹಗುರ.

ಹೀಗೆ ಸೇರಲು ಒಂದು ಜಾಗ ಬೇಕು. ಜಿಲ್ಲೆಗೊಂದು ಸಾರ್ವಜನಿಕ ಡಾರ್ಕ್‌ರೂಮ್ ಆಗಬೇಕು ಎಂಬುದು ನನ್ನ ಕೋರಿಕೆ. ಅದಕ್ಕೆ ಕಟ್ಟಡ ಕಟ್ಟಬೇಕಾಗಿಲ್ಲ. ಮಂಡ್ಯದ ಕರ್ನಾಟಕ ಸಂಘದಂಥ ಸಂಸ್ಥೆಯಲ್ಲೋ ಯಾವುದಾದರೂ ಕಾಲೇಜಿನಲ್ಲೋ ನೀರಿನ ನಲ್ಲಿಯಿರುವ ಒಂದು ಸಣ್ಣ ಕೋಣೆ ಸಾಕು. ಹಳೆಯ ಸ್ಟುಡಿಯೊಗಳಲ್ಲಿ ಪ್ರಿಂಟ್ ಹಾಕಿ ಪಳಗಿದವರನ್ನು ಗುರುಗಳೆಂದು ಕರೆತಂದು, ಸನ್ಮಾನದ ಶಾಲು ಹೊದಿಸಿ ಕಳಿಸದೆ, ಸಂಭಾವನೆ ಕೊಟ್ಟು ಕಲಿಸಲು ಕೇಳಬೇಕು. ಈ ಜಿಲ್ಲೆಗೆ ಇಂಥ ಕೆಲಸ ಹೊಸದೇನಲ್ಲ. ನಾಗಮಂಗಲ ತಾಲ್ಲೂಕಿನಿಂದ ಬಂದ ಎಚ್.ಎಲ್. ನಾಗೇಗೌಡರು ಹಾಡು-ಕತೆಗಳನ್ನು ಧ್ವನಿಮುದ್ರಿಸಿ, ಹಳ್ಳಿಯ ವಸ್ತುಗಳನ್ನು ಕೂಡಿಹಾಕಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದರು. ಹಾಡುವವರು ಬದುಕಿರುವಾಗಲೇ ಅವರು ಹೊರಟದ್ದರಿಂದ ಆ ಹಾಡುಗಳು ಉಳಿದವು. ನೆಗೆಟಿವಿನ ವಿಚಾರದಲ್ಲೂ ಮಾತು ಅದೇ: ಆ ಮುಖ ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಹೇಳಬಲ್ಲವರು ಇರುವಾಗಲೇ ಪ್ರಿಂಟ್ ಆಗಬೇಕು.

ಆದ್ದರಿಂದ ಹೊಸದಾಗಿ ಕಲಿಯುವವರಿಗೆ ಒಂದು ನಿಯಮ ಸೂಚಿಸುತ್ತೇನೆ. ಒಳ್ಳೆಯದೆನಿಸಿದ ಪ್ರತಿ ಪ್ರಿಂಟಿಗೂ ಎರಡು ಪ್ರತಿ ಹಾಕಿ. ಒಂದನ್ನು ಆ ಮನೆಗೆ ತಲುಪಿಸಿ, ಕೊಡುವಾಗ ಹೆಸರು, ಊರು, ಇಸವಿ ಕೇಳಿಕೊಳ್ಳಿ. ಇನ್ನೊಂದರ ಬೆನ್ನಿಗೆ ಆ ವಿವರಗಳನ್ನು ಪೆನ್ನಿನಲ್ಲಿ ಬರೆಯದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆದು, ಜಿಲ್ಲೆಯ ಸಂಗ್ರಹಕ್ಕೆಂದು ತೆಗೆದಿಡಿ. ಕಲಿಕೆಯ ಮೊದಲ ವರ್ಷವೇ ಊರಿಗೆ ಉಪಯೋಗಕ್ಕೆ ಬರುವ ವಿದ್ಯೆಗಳು ಹೆಚ್ಚಿಲ್ಲ. ಇದು ಅಂಥದ್ದು, ಮತ್ತು ಇದಕ್ಕೆ ಬೇಕಾದ ನೆಗೆಟಿವುಗಳೂ ಗುರುಗಳೂ ಇನ್ನೂ ನಮ್ಮ ನಡುವೆಯೇ ಇದ್ದಾರೆ.